ಇಡ್ಲಿಯ ಜೀವಂತ ಸಾಕ್ಷಿ

ದೀಪಾವಳಿ ಮುಗಿದ ಮೊದಲ ಭಾನುವಾರ ಮುಂಬಯಿಯ ಬೊರಿವಲಿಯ ಒಂದು ಫ್ಲಾಟಿನಲ್ಲಿ ಎರಡು ಸಂಗತಿಗಳು ಪತ್ತೆಯಾದವು. ಒಂದು ಬಾತ್‌ರೂಮಿನಲ್ಲಿ, ಇನ್ನೊಂದು ಡೈನಿಂಗ್ ಟೇಬಲ್ಲಿನಲ್ಲಿ. ಬಾತ್‌ರೂಮಿನಲ್ಲಿ ಸೋಪು ಹಚ್ಚಿಕೊಳ್ಳುತ್ತಿದ್ದ ವಿನೋದಿನಿಯ ಬೆರಳಿಗೆ ಎಡ ಎದೆಯ ಪಕ್ಕದಲ್ಲಿ ನೆನೆಸಿದ ಕಡಲೆಯಷ್ಟು ದೊಡ್ಡ ಗಡ್ಡೆಯೊಂದು ತಗುಲಿತು. ಡೈನಿಂಗ್ ಟೇಬಲ್ಲಿನಲ್ಲಿ ಅವಳ ಮಗ ಹಿತೇಶನಿಗೆ ಮೊಬೈಲಿನಲ್ಲಿ ಒಂದು ಸುದ್ದಿ ಸಿಕ್ಕಿತು. ಮನೆಯಲ್ಲಿ ಯಾವುದರ ಮಾತು ನಡೆಯಿತು ಎಂದು ಬೇರೆ ಹೇಳಬೇಕಾಗಿಲ್ಲ.

ಸುದ್ದಿ ಇಂಗ್ಲಿಷಿನದು. ವಿಜ್ಞಾನಿಗಳು ಸಾವಿರಾರು ಜನರ ಜೀನುಗಳನ್ನು ತಾಳೆ ಹಾಕಿ ನೋಡಿ, ಕರುಳಿನಲ್ಲಿ ವಾಸಿಸುವ ಕೆಲವು ಬ್ಯಾಕ್ಟೀರಿಯಾಗಳಿಗೂ ಹೆಂಗಸರ ಸ್ತನ ಕ್ಯಾನ್ಸರಿಗೂ ನಂಟಿರಬಹುದು ಎಂದಿದ್ದರಂತೆ. ಕೆಲವು ಜಾತಿಯವು ಅಪಾಯವನ್ನು ಕೊಂಚ ಹೆಚ್ಚಿಸಬಹುದು, ಕೆಲವು ಕೊಂಚ ತಗ್ಗಿಸಬಹುದು, ಇನ್ನೂ ಬಹಳ ಸಂಶೋಧನೆ ಆಗಬೇಕು ಎಂದೆಲ್ಲ ಬರೆದಿತ್ತು. ಹಿತೇಶ್ ‘ತಗ್ಗಿಸಬಹುದು’ ಎಂಬಲ್ಲಿಗೆ ಬಂದವನು ಅಲ್ಲೇ ನಿಂತ. ಕೊನೆಯವರೆಗೆ ಓದುವ ಅಭ್ಯಾಸ ಅವನಿಗೆ ಎಂಬಿಎ ಮಾಡುವಾಗಲೇ ತಪ್ಪಿಹೋಗಿತ್ತು.

“ಪಪ್ಪ, ಇಡ್ಲಿ ಹಿಟ್ಟಲ್ಲಿ ಎಂತ ಉಂಟು? ಬ್ಯಾಕ್ಟೀರಿಯಾ. ಗುಡ್ ಬ್ಯಾಕ್ಟೀರಿಯಾ. ನಾವು ಇಷ್ಟು ವರ್ಷ ಮೆಡಿಸಿನ್ ಮಾರ್ತಾ ಇದ್ದೇವೆ, ಕಿಸೀಕೋ ಪತಾ ನಹೀ, ಯಾರಿಗೂ ಗೊತ್ತೇ ಇಲ್ಲ,” ಎಂದ.

ಅವನ ಅಪ್ಪ ಚೆನ್ನಯ ಊರಿನ ಇನ್ನೊಂದು ತುದಿಯ ಫೋರ್ಟಿನ ಒಂದು ಗಲ್ಲಿಯಲ್ಲಿ, ಕೋರ್ಟಿಗೂ ಬ್ಯಾಂಕುಗಳಿಗೂ ನಡುವೆ, ‘ಹೊಟೇಲ್ ಉದಯಭಾನು’ ನಡೆಸುವವನು. ಭಾನುವಾರ ಫೋರ್ಟ್ ಖಾಲಿ, ಆದ್ದರಿಂದ ಹೊಟೇಲಿಗೂ ರಜೆ, ಆದ್ದರಿಂದ ಚೆನ್ನಯ ಮನೆಯಲ್ಲಿದ್ದ. ವಿಜ್ಞಾನದ ಮೇಲೆ ಅವನಿಗೆ ಸಿಟ್ಟೇನೂ ಇರಲಿಲ್ಲ, ಅದು ಗಿರಾಕಿಗಳನ್ನು ಓಡಿಸದಿದ್ದರೆ ಸಾಕು. ಅವನಿಗೆ ಇದ್ದದ್ದು ಒಂದೇ ವ್ರತ. ಮುಂಜಾನೆಯ ಮೊದಲ ಲೋಕಲ್ ರೈಲು ಹಿಡಿದು ಹೊಟೇಲಿಗೆ ಹೋಗಿ, ಹಿಂದಿನ ದಿನ ರುಬ್ಬಿಟ್ಟ ಹಿಟ್ಟಿಗೆ ಕಿರುಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಬೇಕು. ಅವನು ‘ಹ್ಞೂಂ’ ಎನ್ನುವವರೆಗೆ ಉದಯಭಾನುವಿನಲ್ಲಿ ಒಂದು ಇಡ್ಲಿಯೂ ಹಬೆಗೆ ಕೂರುವಂತಿಲ್ಲ. ಹುಳಿ ಮೀರಿದ್ದರೆ ಆ ಹಿಟ್ಟು ಉತ್ತಪ್ಪಕ್ಕೆ, ಸಾಲದಿದ್ದರೆ ಒಲೆಯ ಪಕ್ಕಕ್ಕೆ. ಮುಂಬಯಿ ಮಳೆಗೆ ಮುಳುಗಿ ಲೋಕಲ್ ನಿಂತಾಗ ಹಳಿಯ ಮೇಲೆ ನಡೆದುಕೊಂಡು ಹೋಗಿ ಹಿಟ್ಟು ನೋಡಿದವನು ಅವನು. ಅದನ್ನು ಅವನೇ ಎಲ್ಲರಿಗೂ ಹೇಳಿಕೊಳ್ಳುತ್ತಿದ್ದ.

ಅವನು ಹೇಳಿಕೊಳ್ಳದ ಇನ್ನೊಂದು ದಿನವಿತ್ತು. ಹಿತೇಶ್ ಹುಟ್ಟಿದ ದಿನ. ವಿನೋದಿನಿಗೆ ನೋವು ಶುರುವಾಗಿ ಅವಳನ್ನು ಆಸ್ಪತ್ರೆಗೆ ಸೇರಿಸಿದ ಮೇಲೂ ಮಹಾಶಯ ಫೋರ್ಟಿಗೆ ಹೋಗಿ, ಹಿಟ್ಟು ನೆಕ್ಕಿ, ಮಗ ಹುಟ್ಟಿ ತೊಟ್ಟಿಲಲ್ಲಿ ನಿದ್ದೆಹೋದ ಮೇಲೆ ಬಂದಿದ್ದ. ಕಿರುಬೆರಳಿನ ಉಗುರಿನಲ್ಲಿ ಹಿಟ್ಟು ಒಣಗಿ ಬೆಳ್ಳಗಾಗಿತ್ತು. ಆ ಉಗುರನ್ನು ವಿನೋದಿನಿ ಇವತ್ತಿಗೂ ಮರೆತಿಲ್ಲ. ಗಂಡಹೆಂಡಿರ ಜಗಳ ಪಲ್ಯದ ಉಪ್ಪಿನಿಂದ ಶುರುವಾದರೂ ಕೊನೆಗೆ ಆ ಉಗುರಿಗೇ ಬಂದು ಮುಟ್ಟುತ್ತಿತ್ತು.

ವಿನೋದಿನಿ ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಹೊರಗೆ ಬಂದಾಗ ಗಂಡನನ್ನು ಒಳಗೆ ಕರೆದು ಹೇಳಿಬಿಡಬೇಕು ಎಂದೇ ಬಂದಿದ್ದಳು. ಆದರೆ ಬಾಯಿ ತೆರೆಯುವ ಮೊದಲೇ ಹಿತೇಶ್ ಅವಳ ಕೈಗೆ ಕೆಳಗಿನ ಅಂಗಡಿಯಿಂದ ತರಿಸಿದ ಇಡ್ಲಿಯ ತಟ್ಟೆ ಕೊಟ್ಟು, ಟವೆಲ್ ತೆಗೆಸಿ, ಬಾಲ್ಕನಿಯ ಬಿಸಿಲಿಗೆ ನಿಲ್ಲಿಸಿ, ನಗು ಎಂದ. ಅಮ್ಮಂದಿರು ಮಕ್ಕಳ ಫೋಟೋಕ್ಕೆ ನಕ್ಕುಬಿಡುತ್ತಾರೆ. ಅವಳೂ ನಕ್ಕಳು.

ಮರುದಿನ ಪೋಸ್ಟರ್ ತಯಾರಾಯಿತು. ನಡುವೆ ವಿನೋದಿನಿ, ಅವಳ ಕೈಯಲ್ಲಿ ಹಬೆಯಾಡುವ ಇಡ್ಲಿ. ಹಬೆಯನ್ನು ಹಿತೇಶ್ ಕಂಪ್ಯೂಟರಿನಲ್ಲಿ ಸೇರಿಸಿದ್ದ. ಕೆಳಗೆ ಕನ್ನಡ, ಮರಾಠಿ, ಹಿಂದಿ, ಗುಜರಾತಿಗಳಲ್ಲಿ ಒಕ್ಕಣೆ: ‘ಮದುವೆಯಾಗಿ ಬಂದಾಗಿನಿಂದ ದಿನವೂ ಉದಯಭಾನು ಇಡ್ಲಿ. ಕ್ಯಾನ್ಸರ್ ಹತ್ತಿರ ಸುಳಿದಿಲ್ಲ. ಜೀನ್ ವಿಜ್ಞಾನ ಒಪ್ಪಿದೆ. ನೋಡಿ, ಜೀವಂತ ಸಾಕ್ಷಿ.’ ನಿಜ ಹೇಳಬೇಕೆಂದರೆ ಆ ಸಾಕ್ಷಿಯ ಬೆಳಗಿನ ತಿಂಡಿ ಪಾವ್ ಮತ್ತು ಚಹಾ. ಹೊಟೇಲಿನ ಇಡ್ಲಿ ಬೊರಿವಲಿಯವರೆಗೆ ಬರುವುದು ಮನೆಗೆ ನೆಂಟರು ಬಂದಾಗ ಮಾತ್ರ.

ಪೋಸ್ಟರ್ ಮೊದಲು ಹೊಟೇಲಿನ ಗೋಡೆಗೆ ಏರಿತು, ಆಮೇಲೆ ವಾಟ್ಸಾಪಿಗೆ ಇಳಿಯಿತು. ಅಲ್ಲಿಂದ ಮುಂದೆ ಅದನ್ನು ಹಿಡಿಯುವವರಿರಲಿಲ್ಲ. ಮುಲುಂಡಿನ ಭಜನಾ ಮಂಡಳಿ, ಡೊಂಬಿವಲಿಯ ಹಳೇ ವಿದ್ಯಾರ್ಥಿಗಳು, ಬೊರಿವಲಿ ಲೋಕಲಿನ ಲೇಡೀಸ್ ಡಬ್ಬಿ ಎಂಬ ಹೆಂಗಸರ ಬೋಗಿಯ ಗುಂಪು, ಎಲ್ಲರಿಗೂ ವಿನೋದಿನಿ ತಲುಪಿದಳು. ಫೋರ್ಟಿನ ವಕೀಲರು ಬಂದು ಕೂತು ‘ಏಕ್ ಪ್ಲೇಟ್ ಕ್ಯಾನ್ಸರ್ ಇಡ್ಲಿ’ ಎಂದು ಕೂಗುವುದು ರೂಢಿಯಾಯಿತು. ಚೆನ್ನಯನಿಗೆ ಆ ಹೆಸರು ಕೇಳಿದರೆ ಮೈ ಉರಿಯುತ್ತಿತ್ತು, ಆದರೆ ಇಡ್ಲಿ ಹತ್ತು ಗಂಟೆಗೇ ಖಾಲಿಯಾಗುತ್ತಿದ್ದುದರಿಂದ ಉರಿಯನ್ನು ಒಳಗೇ ಇಟ್ಟುಕೊಂಡ.

ವಿನೋದಿನಿಯೂ ಒಳಗೇ ಇಟ್ಟುಕೊಂಡಳು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಂಡಳು. ಪ್ರತಿದಿನ ಸ್ನಾನದಲ್ಲಿ ಬೆರಳು ತಾನಾಗಿ ಅಲ್ಲಿಗೆ ಹೋಗುತ್ತಿತ್ತು, ಗಡ್ಡೆ ಅಲ್ಲೇ ಇರುತ್ತಿತ್ತು. ಹೇಳಿದರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮಗನ ಮೊದಲ ಯಶಸ್ಸು ನೆಲಕಚ್ಚುತ್ತದೆ, ಗಂಡನ ಬೋರ್ಡಿಗೆ ಮಸಿ ಬಳಿದಂತಾಗುತ್ತದೆ, ಲೇಡೀಸ್ ಡಬ್ಬಿಯಲ್ಲಿ ಅವಳನ್ನು ತೋರಿಸಿ ಪಿಸುಗುಡುತ್ತಾರೆ. ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು ಮಾತ್ರ ಅವಳು ಯೋಚಿಸದೆ ತಳ್ಳುತ್ತಿದ್ದಳು. ಹೆದರಿಕೆಯೇ ಹಾಗೆ, ಸಣ್ಣದನ್ನು ಮುಂದೆ ಹಿಡಿದು ದೊಡ್ಡದನ್ನು ಮರೆಮಾಡುತ್ತದೆ.

ಇಷ್ಟರಲ್ಲಿ ದೇವಕ್ಕ ರಂಗಕ್ಕೆ ಬಂದಳು. ದೇವಕ್ಕ ಚೆನ್ನಯನ ಅಕ್ಕ, ಮುಂಬಯಿಯಲ್ಲಿರುವ ತುಳುನಾಡಿನವರ ಸಂಘದ ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆ. ಸಂಕ್ರಾಂತಿಯ ನಂತರ ಮಹಿಳಾ ವಿಭಾಗದವರು ವರ್ಷವೂ ಅರಸಿನ ಕುಂಕುಮದ ಕಾರ್ಯಕ್ರಮ ಮಾಡುತ್ತಾರೆ. ಬಂದ ಹೆಂಗಸರಿಗೆ ಅರಸಿನ ಕುಂಕುಮದ ಜೊತೆಗೆ ಒಂದು ಸ್ಟೀಲ್ ಪಾತ್ರೆ, ಒಂದು ಭಾಷಣ, ಊಟ. ಪಾತ್ರೆಗೂ ಊಟಕ್ಕೂ ಬರುವವರು ಭಾಷಣವನ್ನು ಸಹಿಸಿಕೊಳ್ಳುತ್ತಾರೆ. ಈ ಸಲದ ವಿಷಯ ‘ಕರುಳು, ಜೀನು ಮತ್ತು ಸ್ತ್ರೀ’, ಪರೇಲಿನ ದೊಡ್ಡ ಆಸ್ಪತ್ರೆಯ ಡಾಕ್ಟರ್ ಶುಭಾಂಗಿಯವರಿಂದ ಉಪನ್ಯಾಸ, ಊಟ ಉದಯಭಾನುವಿನಿಂದ ಎಂದು ಆಮಂತ್ರಣ ಪತ್ರಿಕೆ ಅಚ್ಚಾಯಿತು. ಎಲ್ಲಕ್ಕಿಂತ ಕೆಳಗೆ, ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ, ‘ಜೀವಂತ ಸಾಕ್ಷಿ ಶ್ರೀಮತಿ ವಿನೋದಿನಿಯವರಿಂದ ಅನುಭವ ಕಥನ’.

ಆ ಪತ್ರಿಕೆಯಿಂದ ವಿನೋದಿನಿಗೆ ಒಂದು ಉಪಕಾರವಾಯಿತು. ಒಬ್ಬ ಡಾಕ್ಟರರ ಹೆಸರು ಸಿಕ್ಕಿತು.

ದಾದರಿನಲ್ಲಿ ಬ್ಲೌಸ್ ಪೀಸ್ ತರಬೇಕು ಎಂದು ಮನೆಯಲ್ಲಿ ಹೇಳಿ ಅವಳು ಸ್ಲೋ ಲೋಕಲ್ ಹತ್ತಿದಳು. ದಾದರ್ ದಾಟಿ ಪ್ರಭಾದೇವಿಯಲ್ಲಿ ಇಳಿದು, ಜನರ ನೂಕಿನಲ್ಲಿ ಆ ಕಡೆಯ ಪರೇಲ್ ಸೇರಿದಳು. ಆಸ್ಪತ್ರೆಯಲ್ಲಿ ಹಸಿರು ಫೈಲೊಂದನ್ನು ಕೈಗೆ ಕೊಟ್ಟು ಬೆಂಚಿನಲ್ಲಿ ಕೂರಿಸಿದರು. ಡಾಕ್ಟರ್ ಶುಭಾಂಗಿ ಬೆಳಗಾವಿಯ ಕಡೆಯವರು. ಕೈಯಿಂದ ಮುಟ್ಟಿ ನೋಡಿದರು, ಮ್ಯಾಮೊಗ್ರಾಮ್ ತೆಗೆಸಿದರು, ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು.

“ಸೂಜಿ ಹಾಕಿ ಸ್ವಲ್ಪ ತುಣುಕು ತಗದು ಪರೀಕ್ಷಾ ಮಾಡಬೇಕ್ರಿ. ಮನ್ಯಾಗಿನವ್ರನ್ನ ಕರ್ಕೊಂಡು ಬರ್ರಿ. ತಡಾ ಮಾಡಬ್ಯಾಡ್ರಿ.”

ಅರಸಿನ ಕುಂಕುಮ ಮುಗಿಯಲಿ, ಆಮೇಲೆ ಬರುತ್ತೇನೆ ಎಂದಳು ವಿನೋದಿನಿ. ಯಾವ ಅರಸಿನ ಕುಂಕುಮ ಎಂದು ಡಾಕ್ಟರ್ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಹೊರಗೆ ಬಂದು ಬೆಂಚಿನಲ್ಲಿ ಕೂತಾಗ ಪಕ್ಕದಲ್ಲಿದ್ದ ಹೆಂಗಸು ಅವಳನ್ನೇ ನೋಡುತ್ತಿದ್ದಳು. ವಿಜಯಪುರದ ಕಡೆಯ ಇಳಕಲ್ ಸೀರೆ, ಹಣೆಯ ತುಂಬ ಕುಂಕುಮ. ಹೆಸರು ನಾಗವ್ವ ಎಂದೂ, ಮಗ ಇಲ್ಲೇ ನೌಕರಿಯಲ್ಲಿದ್ದಾನೆ ಎಂದೂ ಕೇಳದೆಯೇ ಹೇಳಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

“ನೀವು ಆ ಇಡ್ಲಿ ಫೋಟೋದಾಗಿನವ್ರ ಅಲ್ರೀ?”

ವಿನೋದಿನಿ ಹೌದು ಎನ್ನದೆ ವಿಧಿಯಿರಲಿಲ್ಲ. ಕಿವಿಯ ಜುಮುಕಿ ಕೂಡ ಅದೇ ಇತ್ತು.

ನಾಗವ್ವನ ಮುಖ ಅರಳಿತು. ದೀಪಾವಳಿಯ ಹೊತ್ತಿಗೆ ತನಗೂ ಎದೆಯಲ್ಲಿ ಗಡ್ಡೆ ಕೈಗೆ ಸಿಕ್ಕಿತ್ತು, ಮಗ ದವಾಖಾನೆಗೆ ಹೊರಟಿದ್ದ, ಅಷ್ಟರಲ್ಲಿ ಸೊಸೆಯ ಮೊಬೈಲಿಗೆ ಈ ಫೋಟೋ ಬಂತು ಎಂದು ವಿವರಿಸಿದಳು. ಸೊಸೆ ಕಲಿತವಳು. ಜೀನಿನ ಮಾತು ಬಂದಿದೆ, ಸುಳ್ಳಿರಲಿಕ್ಕಿಲ್ಲ ಎಂದಳಂತೆ. ಅವತ್ತಿನಿಂದ ಮನೆಯಲ್ಲಿ ರೊಟ್ಟಿ ಬಡಿಯುವುದು ನಿಂತಿತು, ಮೂರು ಹೊತ್ತೂ ಇಡ್ಲಿ.

“ಸಂಕ್ರಮಣದ ತನಕ ತಿಂದೆ ನೋಡ್ರಿ. ಬಾಯಿ ಕೆಟ್ಟುಹೋತು. ಗಡ್ಡಿ ಮಾತ್ರ ದೊಡ್ಡದಾತು. ನಾ ಸರಿಯಾಗಿ ಹುದುಗು ಬರಿಸಲಿಲ್ಲೇನೋ ಅಂತ ಸೊಸಿ ಅಳತಾಳ್ರಿ.” ಆಮೇಲೆ ವಿನೋದಿನಿಯ ಮಡಿಲಿನಲ್ಲಿದ್ದ ಹಸಿರು ಫೈಲನ್ನು ನೋಡಿ ನಾಗವ್ವನ ದನಿ ಇಳಿಯಿತು. “ನಿಮಗೂ ಆಗ್ಯದೇನ್ರಿ?”

“ಇಲ್ಲ, ನಮ್ಮವರೊಬ್ಬರನ್ನು ನೋಡ್ಲಿಕ್ಕೆ ಬಂದದ್ದು,” ಎಂದಳು ವಿನೋದಿನಿ.

ಹೇಳಿದ ಕ್ಷಣವೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಈ ಹೆಂಗಸು ಸಿಟ್ಟು ಮಾಡಲಿಲ್ಲ, ಶಾಪ ಹಾಕಲಿಲ್ಲ. ಹಾಕಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ದಾರಿಯುದ್ದಕ್ಕೂ ವಿನೋದಿನಿ ಆ ಸೊಸೆಯ ಅಳುವನ್ನೇ ನೆನೆಯುತ್ತಿದ್ದಳು. ಬ್ಲೌಸ್ ಪೀಸ್ ತರುವುದು ಮರೆತೇಹೋಯಿತು, ಮನೆಯಲ್ಲಿ ಯಾರೂ ಕೇಳಲೂ ಇಲ್ಲ.

ಅರಸಿನ ಕುಂಕುಮದ ದಿನ ಹಾಲ್ ತುಂಬಿ ತುಳುಕಿತು. ವೇದಿಕೆಯ ಹಿಂದೆ ವಿನೋದಿನಿಯ ಫೋಟೋವನ್ನು ಹಾಲಿನ ಛಾವಣಿಯವರೆಗೆ ದೊಡ್ಡದು ಮಾಡಿ ಕಟ್ಟಿದ್ದರು. ಒಂದೊಂದು ಇಡ್ಲಿಯೂ ಲಾರಿಯ ಚಕ್ರದಷ್ಟಿತ್ತು. ಅದರ ಕೆಳಗೆ ಕುರ್ಚಿಯಲ್ಲಿ ಅಸಲಿ ವಿನೋದಿನಿ, ಒಂದು ಕುರ್ಚಿ ಬಿಟ್ಟು ಡಾಕ್ಟರ್ ಶುಭಾಂಗಿ. ಡಾಕ್ಟರ್ ಮೇಲಿನ ಫೋಟೋ ನೋಡಿದರು, ಪಕ್ಕದ ಮುಖ ನೋಡಿದರು, ಆಮೇಲೆ ತಮ್ಮ ನೀರಿನ ಬಾಟಲಿಯ ಲೇಬಲ್ ಓದತೊಡಗಿದರು. ರೋಗಿಯ ಗುಟ್ಟು ಬಿಟ್ಟುಕೊಡದ ವೃತ್ತಿ ಅವರದು. ಆ ಬಾಟಲಿಯನ್ನು ಅವರಷ್ಟು ಗಮನವಿಟ್ಟು ಯಾರೂ ಓದಿರಲಾರರು.

ದೀಪ ಬೆಳಗಿಸುವುದು, ಪ್ರಾರ್ಥನೆ, ಸ್ವಾಗತ, ಸ್ವಾಗತಿಸಿದವರಿಗೆ ಸ್ವಾಗತ, ಹೂಗುಚ್ಛ, ಶಾಲು ಎಲ್ಲ ಮುಗಿಯುವಾಗ ಊಟದ ಹೊತ್ತಾಗಿತ್ತು. ಡಾಕ್ಟರೇ ಸ್ವಲ್ಪ ಚುಟುಕಾಗಿ ಎಂದು ದೇವಕ್ಕ ಮೈಕಿನಲ್ಲೇ ಹೇಳಿದಳು. ಡಾಕ್ಟರ್ ಚುಟುಕಾಗಿಯೇ ಹೇಳಿದರು. ಯಾರ ಕರುಳಿನಲ್ಲಿ ಯಾವ ಬ್ಯಾಕ್ಟೀರಿಯಾ ಹೆಚ್ಚು ಬೆಳೆಯುತ್ತದೆ ಎಂಬುದನ್ನು ಹುಟ್ಟಿನಲ್ಲೇ ಬರುವ ಜೀನುಗಳೂ ಒಂದಿಷ್ಟು ನಿರ್ಧರಿಸುತ್ತವೆ. ಅದರ ಜಾಡು ಹಿಡಿದು, ಬ್ಯಾಕ್ಟೀರಿಯಾದಿಂದ ರೋಗವೋ ರೋಗದಿಂದ ಬ್ಯಾಕ್ಟೀರಿಯಾವೋ ಎಂದು ವಿಜ್ಞಾನಿಗಳು ಊಹಿಸಲು ನೋಡುತ್ತಿದ್ದಾರೆ. ಅದು ಸುಳಿವು, ತೀರ್ಪಲ್ಲ. ಅದನ್ನು ಹಿಡಿದುಕೊಂಡು ಏನನ್ನಾದರೂ ತಿನ್ನುವುದೂ ಬೇಡ, ಬಿಡುವುದೂ ಬೇಡ.

“ಇನ್ನ ಇಡ್ಲಿ ಮಾತಂದ್ರ, ಹಬಿಗೆ ಇಟ್ಟಮ್ಯಾಲೆ ಅದರಾಗಿನ ಬ್ಯಾಕ್ಟೀರಿಯಾ ಸತ್ತಹೋಗ್ತಾವ್ರಿ,” ಎಂದು ಅವರು ಹೇಳಿದ್ದು ಹಿಂದಿನ ಸಾಲುಗಳಿಗೆ ಕೇಳಿಸಲಿಲ್ಲ, ಏಕೆಂದರೆ ಅಷ್ಟರಲ್ಲಿ ಸಾಂಬಾರಿನ ಪರಿಮಳ ಬಂದು ಸಭೆ ಎದ್ದು ಕೂತಿತ್ತು. ಮುಂದಿನ ಸಾಲಿನಲ್ಲಿದ್ದ ಚೆನ್ನಯನಿಗೆ ಕೇಳಿಸಿತು. ಬೆಂದ ಇಡ್ಲಿ ಮತ್ತೆ ಹುಳಿಯಾಗುವುದಿಲ್ಲ ಎಂದು ಅಷ್ಟು ವರ್ಷಗಳಿಂದ ತಿಳಿದವನು, ಅದರ ಅರ್ಥ ಇದು ಎಂದು ಈಗ ಹೊಳೆದು, ತಲೆ ತಗ್ಗಿಸಿದ.

ಡಾಕ್ಟರ್ ಇನ್ನೂ ಏನೋ ಮುಖ್ಯವಾದದ್ದನ್ನು ಹೇಳುವವರಿದ್ದರು. ದೇವಕ್ಕ ಧನ್ಯವಾದ ಎಂದು ಚಪ್ಪಾಳೆ ಶುರುಮಾಡಿ, ವಿನೋದಿನಿಯನ್ನು ಕರೆದಳು. ಹಿತೇಶ್ ಎರಡು ಸಾಲು ಬಾಯಿಪಾಠ ಮಾಡಿಸಿದ್ದ. ಹೇಳಿ ನಮಸ್ಕಾರ ಮಾಡಿ ಇಳಿದರೆ ಆಯಿತು. ಅವನು ಕೆಳಗೆ ಮೊಬೈಲ್ ಹಿಡಿದು ನಿಂತಿದ್ದ.

ಮೈಕಿನ ಮುಂದೆ ನಿಂತಾಗ ವಿನೋದಿನಿಗೆ ಆ ಎರಡು ಸಾಲು ನೆನಪಿತ್ತು. ಅದನ್ನು ಹೇಳಲು ಬಾಯಿ ಬರಲಿಲ್ಲ. ಮುಂದೆ ಕೂತ ಇಷ್ಟು ಹೆಂಗಸರಲ್ಲಿ ಇನ್ನೆಷ್ಟು ಜನ ನಾಗವ್ವಂದಿರಿದ್ದಾರೆ, ಎಷ್ಟು ಜನ ಸೊಸೆಯಂದಿರಿದ್ದಾರೆ ಎಂದು ನೋಡಿದಳು.

“ಈ ಫೋಟೋದಲ್ಲಿ ಇರುವುದು ನಾನೇ,” ಎಂದಳು. “ನನಗೆ ಎದೆಯಲ್ಲಿ ಗಡ್ಡೆ ಉಂಟು. ದೀಪಾವಳಿಯಿಂದ ಉಂಟು. ಈ ಫೋಟೋ ತೆಗೆಯುವಾಗಲೂ ಇತ್ತು. ಮನೆಯಲ್ಲಿ ಹೇಳಲಿಲ್ಲ, ಹೆದರಿಕೆ ಆಯ್ತು. ಇಡ್ಲಿ ತಿಂದರೆ ಅದು ಹೋಗುವುದಿಲ್ಲ. ನಾನು ದಿನಾ ತಿನ್ನುವುದೂ ಇಲ್ಲ, ನಾನು ತಿನ್ನುವುದು ಪಾವ್. ನಿಮಗೆ ಯಾರಿಗಾದ್ರೂ ಹೀಗೆ ಕೈಗೆ ಸಿಕ್ಕಿದ್ರೆ ನನ್ನ ಫೋಟೋ ನೋಡ್ಬೇಡಿ, ಈ ಡಾಕ್ಟರನ್ನು ನೋಡಿ. ಅಷ್ಟೇ.”

ಭಾಷಣ ನಿಂತ ಕೂಡಲೇ ಚಪ್ಪಾಳೆ ತಟ್ಟಿ ರೂಢಿಯಾದ ಕೆಲವರು ತಟ್ಟಿಬಿಟ್ಟು, ಪಕ್ಕದವರನ್ನು ನೋಡಿ ಕೈ ಸೆರಗಿನೊಳಗೆ ಎಳೆದುಕೊಂಡರು. ಡಾಕ್ಟರ್ ಶುಭಾಂಗಿ ಬಾಟಲಿಯನ್ನು ಕೆಳಗಿಟ್ಟು, ಎದ್ದು ಬಂದು ವಿನೋದಿನಿಯ ಕೈ ಹಿಡಿದುಕೊಂಡರು. ದೇವಕ್ಕ ಊಟ ತಯಾರಿದೆ ಎಂದು ಘೋಷಿಸಿದಳು.

ವೇದಿಕೆಯ ಪಕ್ಕದ ಕೋಣೆಯಲ್ಲಿ ಕುಟುಂಬ ಸೇರಿತು. ಮಮ್ಮಿ, ಅದು ಲೈವ್ ಹೋಗ್ತಾ ಇತ್ತು ಎಂಬುದೇ ಹಿತೇಶನ ಬಾಯಿಂದ ಬಂದ ಮೊದಲ ಮಾತು. ಆಮೇಲೆ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ಒಟ್ಟಿಗೆ ಕೈಕೊಟ್ಟು, ಅವನು ಅಮ್ಮನ ಹೆಗಲಿಗೆ ಮುಖ ಒತ್ತಿ ಚಿಕ್ಕ ಹುಡುಗನಂತೆ ಅತ್ತ. ದೇವಕ್ಕನಿಗೆ ಅಳಲು ಪುರುಸೊತ್ತಿರಲಿಲ್ಲ. ಅವಳಿಗೆ ಮೊದಲು ಕುಟುಂಬದ ಮಾನ ಉಳಿಸಬೇಕಿತ್ತು. ತುಳುನಾಡಿನವರಲ್ಲಿ ‘ಬರಿ’ ಎಂಬ ವಂಶದ ಹೆಸರು ತಾಯಿಯಿಂದ ಮಕ್ಕಳಿಗೆ ಬರುತ್ತದೆ, ಅಪ್ಪನಿಂದಲ್ಲ. ದೇವಕ್ಕ ವಿಜ್ಞಾನವನ್ನು ಅದರ ಮೇಲೆ ಕೂರಿಸಿದಳು.

“ಜೀನು ಅಂದ್ರೆ ನಮ್ಮ ಬರಿಯ ಹಾಗೆ, ತಾಯಿಯಿಂದ ಬರುವುದು. ವಿನೋದಾ, ಇದು ನಿನ್ನ ತಾಯಿಯ ಕಡೆಯದ್ದು. ನಮ್ಮ ತಮ್ಮನದ್ದಾಗಲಿ ಹೊಟೇಲಿನದ್ದಾಗಲಿ ಇದರಲ್ಲಿ ಎಂತದೂ ಇಲ್ಲ.”

ವಿನೋದಿನಿ ಗಂಡನ ಮುಖ ನೋಡಲು ತಿರುಗಿದಳು. ಚೆನ್ನಯ ಅಲ್ಲಿರಲಿಲ್ಲ. ಸಾಂಬಾರು ನೋಡಲು ಹೋಗಿದ್ದಾನೆ ಎಂದು ಯಾರೋ ಹೇಳಿದರು. ಅವಳಿಗೆ ಆ ಬೆಳ್ಳಗಿನ ಉಗುರು ಕಣ್ಣಿಗೆ ಕಟ್ಟಿತು.

ಸುದ್ದಿ ಮುಲುಂಡಿಗೆ ಮುಟ್ಟಿ, ಅಲ್ಲಿಂದ ವಿನೋದಿನಿಯ ಅಣ್ಣ ಪೂವಪ್ಪ ಬೊರಿವಲಿಗೆ ಬಂದ. ತಂಗಿಯನ್ನು ತಬ್ಬಿಕೊಂಡು ಕಣ್ಣೊರೆಸಿಕೊಂಡ, ನಂತರ ದೇವಕ್ಕನ ಸಿದ್ಧಾಂತ ಕೇಳಿ ಕೆಂಡವಾದ. ತಮ್ಮ ಮನೆಯಲ್ಲಿರುವವರೆಗೆ ವಿನೋದಿನಿಯ ಹೊಟ್ಟೆ ಗಂಗಾಜಲದಂತಿತ್ತು, ಕೆಟ್ಟ ಬ್ಯಾಕ್ಟೀರಿಯಾ ಸೇರಿದ್ದರೆ ಅದು ಈ ಮನೆಗೆ ಬಂದ ಮೇಲೆಯೇ, ಹೊಟೇಲಿನ ಹುಳಿ ಹಿಟ್ಟಿನಿಂದಲೇ ಎಂದ. ಅಲ್ಲಿಗೆ ಎರಡು ಪಕ್ಷಗಳು ಆದವು. ಗಂಡನ ಕಡೆಯವರು ಜೀನಿನವರು, ತವರಿನವರು ಬ್ಯಾಕ್ಟೀರಿಯಾದವರು. ಸುದ್ದಿಯಲ್ಲಿ ಎರಡೂ ಇದ್ದುದರಿಂದ ಎರಡೂ ಪಕ್ಷಕ್ಕೆ ವಿಜ್ಞಾನದ ಬೆಂಬಲವಿತ್ತು. ಇಬ್ಬರೂ ವಿನೋದಿನಿಯ ಮೇಲಿನ ಪ್ರೀತಿಯಿಂದಲೇ ಕಿತ್ತಾಡುತ್ತಿದ್ದರು, ಅವಳಿಗೆ ಚಹಾ ಬೇಕೇ ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಹಿತೇಶ್ ಹೊಟೇಲಿನ ಗೋಡೆಯಿಂದ ಪೋಸ್ಟರ್ ಕಿತ್ತ. ಆಮೇಲೆ ವಾಟ್ಸಾಪಿನಿಂದ ಕೀಳಲು ಕೂತ, ಆಗಲಿಲ್ಲ. ಅವನು ಕ್ಷಮೆ ಕೇಳಿ ಬರೆದದ್ದು ಹತ್ತಾರು ಜನರಿಗೆ ಹೋಯಿತು, ಇಡ್ಲಿಯ ಫೋಟೋ ಮಾತ್ರ ಇನ್ನೂ ಊರೂರು ಸುತ್ತುತ್ತಿತ್ತು. ಒಂದು ಮಧ್ಯಾಹ್ನ ಅದು ವಿನೋದಿನಿಯ ಮೊಬೈಲಿಗೇ ಬಂತು, ‘ತಪ್ಪದೆ ನಿಮ್ಮ ತಾಯಿ, ತಂಗಿಯರಿಗೆ ಕಳಿಸಿ’ ಎಂಬ ಸೂಚನೆಯೊಂದಿಗೆ.

ಚೆನ್ನಯ ಯಾವ ಪಕ್ಷಕ್ಕೂ ಸೇರಲಿಲ್ಲ. ಮುಂಜಾನೆ ಹೋಗುತ್ತಿದ್ದ, ಕತ್ತಲಾಗುವಾಗ ಬರುತ್ತಿದ್ದ, ಬಡಿಸಿದ್ದನ್ನು ಉಣ್ಣುತ್ತಿದ್ದ. ಸೂಜಿ ಹಾಕಿ ತುಣುಕು ತೆಗೆದ ದಿನವೂ ಅವನು ಮೊದಲು ಫೋರ್ಟಿಗೆ ಹೋಗಿ, ಹಿಟ್ಟು ನೋಡಿ, ಎಲ್ಲ ಮುಗಿದ ಮೇಲೆ ಪರೇಲಿಗೆ ಬಂದ. ಅಷ್ಟು ಹೊತ್ತು ಅವಳ ಜೊತೆ ಹಿತೇಶ್ ಇದ್ದ. ಅವತ್ತು ವಿನೋದಿನಿ ಜಗಳ ಆಡಲಿಲ್ಲ. ಜಗಳಕ್ಕೂ ಒಂದು ಆಸೆ ಬೇಕು, ಅದು ಬತ್ತಿತ್ತು. ರಿಪೋರ್ಟ್ ಯಾವತ್ತು ಸಿಗುತ್ತದೆ ಎಂದು ಅವನು ಕೇಳಿದ, ಅವಳು ಹೇಳಿದಳು, ಅಷ್ಟೇ ಮಾತು.

ರಿಪೋರ್ಟಿನ ದಿನ ಅವಳು ಏಳುವಾಗ ಚೆನ್ನಯನ ಹಾಸಿಗೆ ಎಂದಿನಂತೆ ಖಾಲಿಯಿತ್ತು. ಹೊಟೇಲಿನಿಂದ ಎಲ್ಲರಿಗೂ ತಿಂಡಿ ತರುತ್ತೇನೆ ಎಂದು ಹಿತೇಶನೂ ಮೊದಲೇ ಫೋರ್ಟಿಗೆ ಹೋಗಿದ್ದ. ದೇವಕ್ಕ ಒಂದು ಕಡೆ, ಪೂವಪ್ಪ ಇನ್ನೊಂದು ಕಡೆ, ನಡುವೆ ವಿನೋದಿನಿ ಹೀಗೆ ಮೆರವಣಿಗೆ ಪರೇಲಿಗೆ ಬಂತು. ನೋಡಿದರೆ ಡಾಕ್ಟರರ ಬಾಗಿಲಿನ ಎದುರು ಮೊದಲ ಕುರ್ಚಿಯಲ್ಲಿ ಚೆನ್ನಯ ಕೂತಿದ್ದ, ಪಕ್ಕದ ಕುರ್ಚಿಯ ಮೇಲೆ ತನ್ನ ಚೀಲ ಇಟ್ಟು ಜಾಗ ಹಿಡಿದಿದ್ದ. ಫೋರ್ಟಿಗೆ ಹೋಗಿ ಓಡಿಬಂದಿರಬೇಕು ಎಂದುಕೊಂಡಳು ವಿನೋದಿನಿ. ಚೀಲ ಎತ್ತಿ ಅವನು ಅವಳನ್ನು ಕೂರಿಸಿದ.

ಒಳಗೆ ಡಾಕ್ಟರ್ ಸುತ್ತುಬಳಸದೆ ಹೇಳಿದರು. ಕ್ಯಾನ್ಸರ್ ಹೌದು. ಗಡ್ಡೆ ಚಿಕ್ಕದು, ಈಗಿನ ಮಟ್ಟಿಗೆ ಬೇರೆಡೆ ಹರಡಿದಂತೆ ಕಾಣುವುದಿಲ್ಲ. ಆಪರೇಷನ್ ಆಗಬೇಕು, ಆಮೇಲೆ ಔಷಧಿ, ಹೆದರಿ ಮನೆಯಲ್ಲಿ ಕೂರುವ ಹಂತವಲ್ಲ. ವಿನೋದಿನಿ ಎಲ್ಲ ಕೇಳಿಸಿಕೊಂಡಳು. ಆಮೇಲೆ, ಹೊರಗಿರುವ ಎರಡು ಪಕ್ಷಗಳಿಗಾಗಿ, ಇದು ಜೀನಿನದೋ ಬ್ಯಾಕ್ಟೀರಿಯಾದ್ದೋ ಎಂದು ಕೇಳಿದಳು.

“ಗೊತ್ತಿಲ್ರಿ,” ಎಂದರು ಡಾಕ್ಟರ್ ಶುಭಾಂಗಿ. ಇಷ್ಟು ದಿನಗಳಲ್ಲಿ ಆ ಮಾತು ಹೇಳಿದವರು ಅವರೊಬ್ಬರೇ.

ಹೊರಗೆ ಬಂದಾಗ ನಾಗವ್ವ ಎದುರಿನ ಬೆಂಚಿನಲ್ಲಿದ್ದಳು, ತಲೆಗೆ ಸೆರಗು ಬಿಗಿಯಾಗಿ ಸುತ್ತಿದ್ದಳು. ಅವಳಿಗೆ ಔಷಧಿ ಶುರುವಾಗಿ ಕೂದಲು ಉದುರತೊಡಗಿತ್ತು. ವಿನೋದಿನಿ ಅವಳ ಪಕ್ಕ ಕೂತು, ಆವತ್ತು ಸುಳ್ಳು ಹೇಳಿದೆ ಎಂದಳು. ನಾಗವ್ವ ಅವಳ ತೊಡೆಯ ಮೇಲೆ ಕೈಯಿಟ್ಟಳು.

“ಗೊತ್ತಿತ್ತು ಬಿಡ್ರಿ. ಇನ್ನೊಬ್ಬರನ್ನ ನೋಡಾಕ ಬಂದವ್ರ ಕೈಯಾಗ ಹಸಿರು ಫೈಲ್ ಯಾಕ ಇರ್ತದ?”

ಆಗ ಹಿತೇಶ್ ಫೋರ್ಟಿನಿಂದ ಸ್ಟೀಲಿನ ಡಬ್ಬಿ ಹಿಡಿದುಕೊಂಡು ಬಂದ. ಮುಚ್ಚಳ ತೆಗೆದು ವಿನೋದಿನಿ ಸಂಕೋಚದಿಂದಲೇ ನಾಗವ್ವನ ಕಡೆ ಹಿಡಿದಳು. ಈ ಜನ್ಮಕ್ಕೆ ಸಾಕಾಯಿತು ತಾಯಿ ಎಂದು ನಾಗವ್ವ ಕೈಮುಗಿದಳು, ಇಬ್ಬರಿಗೂ ನಗು ಬಂತು. ಆಸ್ಪತ್ರೆಯ ಆ ಮೂಲೆಯಲ್ಲಿ ಜೀನಿನವರೂ ಬ್ಯಾಕ್ಟೀರಿಯಾದವರೂ ದನಿ ತಗ್ಗಿಸಿಕೊಂಡು ವಾದ ಮುಂದುವರಿಸಿದ್ದರು.

ವಿನೋದಿನಿ ಗಂಡನ ಪಕ್ಕಕ್ಕೆ ಬಂದು ಕೂತು ಒಂದು ತುಂಡು ಬಾಯಿಗೆ ಹಾಕಿದಳು. ಹಾಕಿದವಳು ಅಗಿಯುವುದನ್ನು ನಿಲ್ಲಿಸಿದಳು. ಇಡ್ಲಿ ಹುಳಿಯಿತ್ತು. ಸಣ್ಣ ಹುಳಿಯಲ್ಲ, ಹಲ್ಲು ಚುಳ್ಳೆನ್ನುವಷ್ಟು. ಮದುವೆಯಾದಾಗಿನಿಂದ ಉದಯಭಾನುವಿನ ಒಂದು ಇಡ್ಲಿಯೂ ಹೀಗಿದ್ದದ್ದು ಅವಳಿಗೆ ನೆನಪಿಲ್ಲ.

“ಇವತ್ತು ಹಿಟ್ಟು ಹುಳಿ ಆಗಿದೆಯಲ್ಲ,” ಎಂದಳು.

ಚೆನ್ನಯ ಅವಳ ಕೈಯಿಂದ ಚೂರು ಮುರಿದು ನಾಲಿಗೆಗೆ ಮುಟ್ಟಿಸಿದ. ಇಂಥ ಇಡ್ಲಿ ಗಿರಾಕಿಯ ತಟ್ಟೆಗೆ ಹೋದರೆ ಬೇರೆ ದಿನ ಅಡುಗೆಮನೆ ಕಿತ್ತುಹೋಗುವ ಹಾಗೆ ಬೈಯುತ್ತಿದ್ದ. ಈಗ ತಲೆಯಾಡಿಸಿದ.

“ನಾನು ನೋಡ್ಲಿಲ್ಲ,” ಎಂದ. “ಮೊದಲ ಲೋಕಲಿಗೆ ಹತ್ತಿದೆ. ಪ್ರಭಾದೇವಿ ಬಂತು, ಇಳಿದುಬಿಟ್ಟೆ. ಹಿಟ್ಟು ಹಾಗೇ ಬೇಯಿಸಿ ಅಂತ ಫೋನ್ ಮಾಡಿದೆ. ಆಗಿಂದ ಇಲ್ಲೇ ಇದ್ದೇನೆ.”

ವಿನೋದಿನಿ ಅವನ ಕೈ ತೆಗೆದುಕೊಂಡು ಕಿರುಬೆರಳನ್ನು ನೋಡಿದಳು. ಉಗುರು ಸ್ವಚ್ಛವಾಗಿತ್ತು. ಬಾಗಿಲು ತೆರೆಯುವ ಮೊದಲೇ ಬಂದು, ಚೀಲ ಇಟ್ಟುಕೊಂಡು, ಅವಳಿಗಾಗಿ ಜಾಗ ಹಿಡಿದು ಕೂತ ಆ ಮನುಷ್ಯನ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ತಡೆಯಲಾರದಷ್ಟು ಪ್ರೀತಿ ಬಂತು, ಅಳುವೂ ಬಂತು. ಅವಳು ಅತ್ತಳು. ಅಳುತ್ತಲೇ ಇನ್ನೊಂದು ತುಂಡು ಮುರಿದಳು.

ಹುಳಿಯಾದದ್ದನ್ನು ತಿನ್ನಬೇಡ, ಹೊಟ್ಟೆ ಕೆಡುತ್ತದೆ ಎಂದ ಚೆನ್ನಯ. ಅವಳು ಕೇಳಲಿಲ್ಲ, ಡಬ್ಬಿಯಲ್ಲಿದ್ದ ಇಡ್ಲಿಯನ್ನೆಲ್ಲ ತಿಂದು ಮುಗಿಸಿದಳು.